ಅಬ್ಬಿಯ ನೀರು ಎಲ್ಲಿಂದ ಬರುತ್ತದೆ?

ಏಪ್ರಿಲ್ ತಿಂಗಳ ಎರಡನೆಯ ವಾರ ಬಂತೆಂದರೆ ಮಲೆನಾಡಿನ ಬಸ್ಸುಗಳಿಂದ ಇಳಿಯುವವರ ವಯಸ್ಸು ಬದಲಾಗುತ್ತದೆ. ವರ್ಷವಿಡೀ ಔಷಧದ ಚೀಟಿಯನ್ನೋ ಸೊಸೈಟಿಯ ಪಾಸ್‌ಬುಕ್ಕನ್ನೋ ಹಿಡಿದು ಪೇಟೆಗೆ ಹೋಗಿಬರುವ ಹಿರಿಯರಷ್ಟೇ ಕಾಣುತ್ತಿದ್ದ ತಿರುವುಗಳಲ್ಲಿ ಬಣ್ಣದ ಚೀಲ ಹೊತ್ತ ಮಕ್ಕಳು ಇಳಿಯುತ್ತಾರೆ. ಇಬ್ಬರೇ ಇದ್ದ ಮನೆಯಲ್ಲಿ ಎಂಟು ಬಾಳೆಲೆ ಬೀಳುತ್ತದೆ. ಜಗಲಿಗೆ ಗದ್ದಲ ಮರಳುತ್ತದೆ. ಮೇ ಕೊನೆಗೆ ಅದೇ ಬಸ್ಸು ಅವರನ್ನು ಹೊತ್ತೊಯ್ಯುತ್ತದೆ. ನಡುವಿನ ಆರೇಳು ವಾರಗಳಲ್ಲಿ ಆ ಮನೆಯಲ್ಲಿ ಏನು ನಡೆಯುತ್ತದೆ, ಏನು ನಡೆಯಬೇಕು ಎಂಬುದೇ ಈ ಬಾರಿಯ ನಮ್ಮ ವಿಚಾರ.

ಕಳೆದ ಬೇಸಿಗೆಯಲ್ಲಿ ಪರಿಚಿತರ ಮನೆಯಲ್ಲಿ ಕುಳಿತಿದ್ದಾಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಚ್ಚಲ ಹಂಡೆಗೆ ಬೀಳುತ್ತಿದ್ದ ತೆಳ್ಳನೆಯ ನೀರನ್ನು ತೋರಿಸಿ, ‘ಅಜ್ಜ, ಇದನ್ನು ನಿಲ್ಲಿಸುವ ನಲ್ಲಿ ಎಲ್ಲಿದೆ?’ ಎಂದು ಕೇಳಿದಳು. ಅಬ್ಬಿಯ ನೀರಿಗೆ ನಲ್ಲಿಯಿಲ್ಲ, ಅದು ಗುಡ್ಡದಿಂದ ತಾನಾಗಿ ಬರುತ್ತದೆ ಎಂದರು ಅಜ್ಜ. ‘ಗುಡ್ಡಕ್ಕೆ ಎಲ್ಲಿಂದ ಬರುತ್ತದೆ?’ ಎಂಬುದು ಮುಂದಿನ ಪ್ರಶ್ನೆ. ಮಾತಿನಲ್ಲಿ ಮುಗಿಯುವ ಉತ್ತರ ಅದಾಗಿರಲಿಲ್ಲ. ಎಪ್ಪತ್ತು ದಾಟಿದ ಹಿರಿಯರು ಕತ್ತಿ ಹಿಡಿದು, ಮೊಮ್ಮಗಳನ್ನು ಮುಂದಿಟ್ಟುಕೊಂಡು ತೋಟದ ಏರು ಹತ್ತಿದರು. ನಾವೂ ಹಿಂಬಾಲಿಸಿದೆವು.

ಆ ದಾರಿಯಲ್ಲಿ ಮಗು ಕಂಡದ್ದನ್ನು ಪಠ್ಯಪುಸ್ತಕದ ಒಂದು ಅಧ್ಯಾಯದಲ್ಲಿ ಹಿಡಿದಿಡುವುದು ಕಷ್ಟ. ಮೊದಲು ಕೊಟ್ಟಿಗೆ. ಅಲ್ಲಿ ಮೂರಡಿ ಎತ್ತರದ ಕರಿಯ ಮಲೆನಾಡು ಗಿಡ್ಡ ಹಸು; ದಿನಕ್ಕೆ ಲೀಟರು, ಒಂದೂವರೆ ಲೀಟರು ಹಾಲು. ಇಷ್ಟು ಕಡಿಮೆ ಹಾಲಿಗೆ ಇದನ್ನೇಕೆ ಸಾಕಬೇಕೆಂದು ಹುಡುಗಿ ಕೇಳಿದಳು. ಇದು ಹಾಲಿಗಾಗಿ ಸಾಕಿದ ಪ್ರಾಣಿಯಲ್ಲ, ಗೊಬ್ಬರಕ್ಕಾಗಿ ಸಾಕಿದ್ದು ಎಂಬುದು ಅಜ್ಜನ ಉತ್ತರ. ಬೆಟ್ಟದಿಂದ ತಂದ ಸೊಪ್ಪು ಹಸುವಿನ ಕಾಲಡಿಗೆ ಹಾಸಿಗೆಯಾಗುತ್ತದೆ. ಸಗಣಿ-ಗಂಜಲ ಬೆರೆತು ಗೊಬ್ಬರಗುಂಡಿ ಸೇರುತ್ತದೆ. ಕಳಿತ ಮೇಲೆ ಅಡಿಕೆ ಮರದ ಬುಡ ಮುಟ್ಟುತ್ತದೆ. ಬೇಸಿಗೆಯಲ್ಲಿ ಗುಡಿಸಿ ತಂದ ದರಕು ತೋಟದ ಮಣ್ಣಿಗೆ ಹೊದಿಕೆಯಾಗಿ ತೇವ ಕಾಯುತ್ತದೆ. ಬೆಟ್ಟ, ಕೊಟ್ಟಿಗೆ, ತೋಟ ಇವು ಮೂರು ಆಸ್ತಿಗಳಲ್ಲ, ಒಂದೇ ಚಕ್ರದ ಮೂರು ಅರಗಳು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟದ ಸೌಲಭ್ಯ ದೊರೆತದ್ದು ಈ ಚಕ್ರವನ್ನು ಒಪ್ಪಿಕೊಂಡೇ. ಅದು ಮಾಲೀಕತ್ವವಲ್ಲ, ಬಳಸುವ ಹಕ್ಕಿನೊಡನೆ ಬಂದ ಕಾಯುವ ಹೊಣೆ.

ಹೊಣೆ ನೆನಪಾದದ್ದು ಬೆಟ್ಟ ತಲುಪಿದ ಮೇಲೆ. ಅಬ್ಬಿಯ ಕಣ್ಣು ಇದ್ದ ಕಡೆ ಒಂದಿಷ್ಟು ದಟ್ಟ ಮರಗಳಿದ್ದವು. ಅದರಾಚೆ ಮತ್ತಿ, ನಂದಿ, ಹೊನ್ನೆ ಮರಗಳು ಕೊಂಬೆಯಿಲ್ಲದ ಕಂಬಗಳಂತೆ ನಿಂತಿದ್ದವು. ‘ಈ ಮರಗಳಿಗೆ ಕೈಗಳೇ ಇಲ್ಲವಲ್ಲ’ ಎಂದಳು ಮಗು. ಅಜ್ಜ ತುಸು ಹೊತ್ತು ಸುಮ್ಮನಿದ್ದು, ‘ನಾವೇ ಕಡಿದದ್ದು. ಬೇಕಾದ್ದಕ್ಕಿಂತ ಹೆಚ್ಚು ಕಡಿದೆವು’ ಎಂದರು. ತಮ್ಮ ತಂದೆಯ ಕಾಲದಲ್ಲಿ ಮಳೆಗಾಲದವರೆಗೂ ಒಂದೇ ಧಾರೆಯಲ್ಲಿ ಬರುತ್ತಿದ್ದ ಅಬ್ಬಿ ಈಗ ಮಾರ್ಚ್ ಬರುವಷ್ಟರಲ್ಲಿ ಸೊರಗುತ್ತದೆಂದೂ ಹೇಳಿದರು. ಅವರ ಈ ಒಪ್ಪಿಗೆಯೇ ಆ ದಿನದ ನಿಜವಾದ ಪಾಠವೆಂದು ನಮಗೆ ಅನ್ನಿಸಿತು.

ಇಲ್ಲೊಂದು ಕಹಿಸತ್ಯವನ್ನು ನಾವು ಎದುರಿಸಬೇಕಾಗಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತಾಗ ಅವರಲ್ಲಿ ಅನೇಕರು ತರುಣ ತರುಣಿಯರು. ಅಪ್ಪಿಕೊ ಚಳವಳಿಯ ಆ ಪೀಳಿಗೆ ಇಂದು ಅಜ್ಜ-ಅಜ್ಜಿಯರ ಪೀಳಿಗೆ. ಗುತ್ತಿಗೆದಾರನ ಕೊಡಲಿಯನ್ನು ತಡೆದ ನಾವೇ ನಮ್ಮ ಮಕ್ಕಳಿಗೆ ಮಾತ್ರ, ‘ತೋಟದ ಗೊಡವೆ ನಿಮಗೆ ಬೇಡ, ಓದಿಕೊಳ್ಳಿ’ ಎಂದೆವು. ಕೊಟ್ಟಿಗೆಯ ಸಗಣಿ ಅವರ ಕೈಗೆ ತಾಗದಂತೆ ನೋಡಿಕೊಂಡೆವು. ಅವರು ಓದಿದರು, ಬೆಂಗಳೂರಿಗೋ ಹೊರದೇಶಕ್ಕೋ ಹೋದರು. ಅದರಲ್ಲಿ ತಪ್ಪಿಲ್ಲ, ಅಡಿಕೆಯ ಧಾರಣೆ ನಂಬಿ ಬದುಕು ಕಟ್ಟುವ ಕಷ್ಟವನ್ನು ನಾವು ಉಂಡವರು. ಆದರೆ ಪರಿಣಾಮವಾಗಿ ಅರಿವಿನ ಸರಪಣಿಯಲ್ಲಿ ಒಂದು ಕೊಂಡಿ ಕಳಚಿತು. ಅಬ್ಬಿಯ ಕಣ್ಣು ಎಲ್ಲಿದೆಯೆಂದು ಆ ಹುಡುಗಿಯ ತಂದೆಗೆ ತಿಳಿದಿಲ್ಲ. ಅಜ್ಜನಿಗೆ ತಿಳಿದಿದೆ. ಅಜ್ಜನಿಲ್ಲದ ಮರುವರ್ಷ ಯಾರಿಗೂ ತಿಳಿದಿರುವುದಿಲ್ಲ. ತೋಟ ಮಾರಾಟಕ್ಕೆ ಬಂದಾಗ ಸಹಿ ಹಾಕುವವರು ಅದನ್ನು ಎಕರೆ-ಗುಂಟೆಗಳಲ್ಲಿ ಮಾತ್ರ ಬಲ್ಲವರಾಗಿರುತ್ತಾರೆ.

ಹಾಗೆಂದು ರಜೆಯ ಹಳ್ಳಿಯನ್ನು ಸ್ವರ್ಗವೆಂದು ಬಣ್ಣಿಸುವುದೂ ನಮಗೆ ಒಪ್ಪಿಗೆಯಿಲ್ಲ. ಮೊಮ್ಮಕ್ಕಳು ಹಲಸಿನ ಹಪ್ಪಳ ತಿನ್ನುವಾಗ ಅದನ್ನು ಲಟ್ಟಿಸಿದ ಅಜ್ಜಿಯ ಸೊಂಟ ನೋಯುತ್ತಿರುತ್ತದೆ. ಗಂಡುಮಕ್ಕಳು ಹೊಳೆಗೆ ಹೋದಾಗ ಹೆಣ್ಣುಮಕ್ಕಳು ಪಾತ್ರೆ ತೊಳೆಯುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಅದನ್ನು ಸಂಪ್ರದಾಯವೆಂದು ಕಲಿಸಬೇಕಿಲ್ಲ. ತೋಟದ ಕೆಲಸಕ್ಕೆ ಬರುವ ಕುಟುಂಬದ ಮಕ್ಕಳಿಗೆ ಹೋಗಿಬರಲು ಬೇರೊಂದು ಊರಿಲ್ಲ. ಮರದಿಂದ ಮರಕ್ಕೆ ದಾಟುತ್ತ ಕೊನೆ ಇಳಿಸುವ ಕೊನೆಗೌಡನ ವಿದ್ಯೆ ಅಜ್ಜನದಲ್ಲ, ಅವನದು; ಮಗು ಅದನ್ನು ಅವನಿಂದಲೇ, ಅವನನ್ನು ಗುರುವೆಂದು ಗೌರವಿಸಿಯೇ ತಿಳಿಯಬೇಕು. ಉಪ್ಪಾಗೆಯ ಸಿಪ್ಪೆಗೆ ಬೆಲೆ ಬಂದ 1990ರ ದಶಕದಲ್ಲಿ ಬಲಿಯದ ಕಾಯಿಗಾಗಿ ಕೊಂಬೆಗಳನ್ನೇ ಕಡಿದವರೂ ಈ ಬೆಟ್ಟದ ಜನರೇ. ಮಕ್ಕಳಿಗೆ ನಮ್ಮ ಹೆಮ್ಮೆಯ ಜೊತೆ ನಮ್ಮ ತಪ್ಪನ್ನೂ ಹೇಳೋಣ. ತಪ್ಪು ಬಚ್ಚಿಟ್ಟ ಹಿರಿಯರನ್ನು ಮಕ್ಕಳು ಬೇಗ ಗುರುತಿಸುತ್ತಾರೆ.

ಒಂದು ಎಚ್ಚರಿಕೆಯ ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ನಮ್ಮ ನಡುವೆಯೇ ಇದೆ. ಅದು ಹರಡುವುದು ಉಣುಗಿನಿಂದ, ಮುಖ್ಯವಾಗಿ ದರಕಿನ ನಡುವೆ. ಕಾಯಿಲೆ ಅಥವಾ ಮಂಗಗಳ ಸಾವು ಕಂಡುಬಂದ ಕಡೆ ಮಕ್ಕಳನ್ನು ಬೆಟ್ಟಕ್ಕೆ ಒಯ್ಯಲೇಬಾರದು. ಉಳಿದ ಕಡೆಯಲ್ಲೂ ಮೈತುಂಬ ಬಟ್ಟೆ, ಉಣುಗು ವಿಕರ್ಷಕ ತೈಲ, ಮರಳಿದೊಡನೆ ಬಿಸಿನೀರಿನ ಸ್ನಾನ ತಪ್ಪಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡನ್ನು ಪ್ರೀತಿಸುವುದೆಂದರೆ ಅದರ ಅಪಾಯವನ್ನು ಅರಿಯುವುದೂ ಹೌದು.

ಹಾಗಾದರೆ ಈ ರಜೆಯಲ್ಲಿ ಏನು ಮಾಡಬಹುದು? ಶಿಬಿರ, ಪ್ರಮಾಣಪತ್ರ ಯಾವುದೂ ಬೇಡ. ಪ್ರತಿ ಮಗುವಿಗೂ ತನ್ನದೆನ್ನುವ ಒಂದು ಕೆಲಸವಿರಲಿ: ಕರುವಿಗೆ ನೀರುಣಿಸುವುದು, ಕಾದಿಗೆಯ ಹೂಳೆತ್ತಲು ಸಣ್ಣ ಬುಟ್ಟಿ ಹೊರುವುದು, ಮಾವಿನ ವಾಟೆಯನ್ನು ಮಣ್ಣಿಗಿಟ್ಟು ಹೆಸರು ಬರೆಯುವುದು. ಮನೆಯ ಸೂರನ್ನು ಅಳೆಯಿಸಿ ಒಂದು ಲೆಕ್ಕ ಮಾಡಿಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಸೂರಿನ ಮೇಲೆ 2500 ಮಿಲಿಮೀಟರ್ ಮಳೆ ಬಿದ್ದರೆ ಎರಡೂವರೆ ಲಕ್ಷ ಲೀಟರ್! ಇಷ್ಟು ನೀರು ಸುರಿದೂ ಮಾರ್ಚಿನಲ್ಲಿ ಬರವೇಕೆಂಬ ಪ್ರಶ್ನೆಯನ್ನು ಆಗ ಮಗುವೇ ಕೇಳುತ್ತದೆ. ಮಕ್ಕಳ ಕೈಯಲ್ಲಿರುವ ಮೊಬೈಲನ್ನು ಬೈಯುವ ಬದಲು, ಅದರಲ್ಲಿ ಅಜ್ಜ ಹೇಳುವ ಮರಗಳ ಹೆಸರನ್ನೂ ಅಜ್ಜಿ ಹೇಳುವ ಕುಡಿಗಳ ತಂಬುಳಿಯ ವಿಧಾನವನ್ನೂ ಧ್ವನಿಮುದ್ರಿಸಲು ಹೇಳಿ. ಊರಿನಲ್ಲೇ ಇರುವ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದಾಳುಗಳಾಗಲಿ. ಪೇಟೆಯ ಮಗುವಿಗೆ ದಾರಿ ತೋರಿಸಬಲ್ಲವರು ಅವರೇ.

ಈ ಮಕ್ಕಳೆಲ್ಲ ಮರಳಿ ಬಂದು ಕೃಷಿಕರಾಗುತ್ತಾರೆಂಬ ಭ್ರಮೆ ನಮಗಿಲ್ಲ. ಆದರೆ ಮುಂದೊಂದು ದಿನ ಈ ಬೆಟ್ಟದ ಬಗ್ಗೆ ಒಂದು ಕಾಗದ ಅವರ ಮೇಜಿಗೆ ಬಂದಾಗ, ಅಧಿಕಾರಿಯಾಗಿಯೋ ವಾರಸುದಾರರಾಗಿಯೋ ಅದರ ಮುಂದೆ ಕುಳಿತಾಗ, ಅಬ್ಬಿಯ ಕಣ್ಣು ಎಲ್ಲಿತ್ತೆಂಬ ನೆನಪು ಅವರಿಗಿರಬೇಕು.

ಆ ದಿನ ಇಳಿದು ಬರುವಾಗ ಹುಡುಗಿ, ಕೈಗಳಿಲ್ಲದ ಮರಗಳಲ್ಲಿ ಚಿಗುರಿದ್ದ ಹನ್ನೊಂದನ್ನು ಎಣಿಸಿ ಅಜ್ಜನಿಗೆ ಒಪ್ಪಿಸಿದಳು. ಮುಂದಿನ ವರ್ಷ ಬಂದು ಮತ್ತೆ ಎಣಿಸುತ್ತೇನೆ, ಅಲ್ಲಿಯವರೆಗೆ ಕಡಿಯಬೇಡ ಎಂದು ಮಾತು ತೆಗೆದುಕೊಂಡಳು. ಅಜ್ಜ ಮಾತು ಕೊಟ್ಟಿದ್ದಾರೆ. ಈ ಏಪ್ರಿಲಿನಲ್ಲಿ ಅವಳು ಮತ್ತೆ ಬರುತ್ತಾಳೆ.