ಪ್ರಮಾಣಪತ್ರ ಇದೆ, ಹಕ್ಕು ಇಲ್ಲ

ಈ ವಿಷಯದ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯೊಬ್ಬಳು ಕೇಳಿದಳು, 'ನಿನಗ್ಯಾಕೆ ಬೇಕಿತ್ತು ಇದು?' ಅವಳ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ಮೊದಲು ಜಪಾನಿನ ಕಥೆ ಹೇಳಬೇಕು.

ಟೋಕಿಯೊದ ಶಿಬುಯಾ ಎಂಬ ಭಾಗದ ಸ್ಥಳೀಯ ಆಡಳಿತ 2015ರ ನವೆಂಬರ್ 5ರಂದು ಸಲಿಂಗ ಜೋಡಿಗಳಿಗೆ 'ಇವರು ಸಂಗಾತಿಗಳು' ಎಂಬ ಪ್ರಮಾಣಪತ್ರ ಕೊಡಲು ಆರಂಭಿಸಿತು. ಸೆಟಗಾಯಾ ಆಡಳಿತವೂ ಅದೇ ದಿನ ಶುರು ಮಾಡಿತು. ಈಗ ಆ ದೇಶದ 500ಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳಲ್ಲಿ ಈ ವ್ಯವಸ್ಥೆ ಇದೆ. ಹತ್ತು ಜನರಲ್ಲಿ ಒಂಬತ್ತು ಮಂದಿ ಇಂಥ ಊರುಗಳಲ್ಲೇ ಇದ್ದಾರೆ. ಆದರೂ ದೇಶದ ಕಾನೂನು ಸಲಿಂಗ ವಿವಾಹವನ್ನು ಒಪ್ಪಿಲ್ಲ.

ಹಾಗಾದರೆ ಆ ಪತ್ರದಿಂದ ಏನು ಉಪಯೋಗ? ಸರ್ಕಾರಿ ವಸತಿಗೆ ಅರ್ಜಿ ಹಾಕುವಾಗ, ಆಸ್ಪತ್ರೆಯಲ್ಲಿ ಸಂಗಾತಿಯನ್ನು ನೋಡಬೇಕಾದಾಗ ಅದು ನೆರವಿಗೆ ಬರುತ್ತದೆ. ಆದರೆ ಸಂಗಾತಿ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯಲ್ಲಿ ಪಾಲಿಲ್ಲ. ತೆರಿಗೆಯಲ್ಲಿ ಗಂಡ ಹೆಂಡತಿಗೆ ಸಿಗುವ ವಿನಾಯಿತಿ ಇಲ್ಲ. ಒಬ್ಬರು ವಿದೇಶಿಯರಾದರೆ ಪತಿ-ಪತ್ನಿಯರಿಗೆ ಸಿಗುವ ವೀಸಾ ಇಲ್ಲ. ಊರು ಗುರುತಿಸಿದ ಸಂಬಂಧವನ್ನು ದೇಶ ಗುರುತಿಸುವುದಿಲ್ಲ.

ಆದ್ದರಿಂದ ಜನ ನ್ಯಾಯಾಲಯಕ್ಕೆ ಹೋದರು. ಜಪಾನ್ ಸಂವಿಧಾನದ 24ನೇ ವಿಧಿ, ಮದುವೆಗೆ ಎರಡೂ ಲಿಂಗದವರ ಒಪ್ಪಿಗೆ ಸಾಕು ಎನ್ನುತ್ತದೆ. ಹಾಗೆಂದರೆ ಗಂಡು ಮತ್ತು ಹೆಣ್ಣು ಮಾತ್ರ ಎಂಬುದು ಸರ್ಕಾರದ ವಾದ. ಹಿಂದೆ ಮದುವೆಗೆ ಮನೆಯ ಯಜಮಾನನ ಅಪ್ಪಣೆ ಬೇಕಿತ್ತು, ಅದನ್ನು ತಪ್ಪಿಸಲು ಬರೆದ ಮಾತು ಅದು, ಯಾರನ್ನೂ ಹೊರಗಿಡಲು ಬರೆದದ್ದಲ್ಲ ಎಂಬುದು ಅರ್ಜಿದಾರರ ವಾದ. 2024ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗೆ ಸಪ್ಪೊರೊ, ಟೋಕಿಯೊ, ಫುಕುವೊಕಾ, ನಗೋಯಾ, ಒಸಾಕಾ ಹೈಕೋರ್ಟುಗಳು, ಈ ಮದುವೆಗಳಿಗೆ ಅವಕಾಶ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ ಎಂದವು. 2025ರ ನವೆಂಬರ್‌ನಲ್ಲಿ ಟೋಕಿಯೊ ಹೈಕೋರ್ಟಿನ ಇನ್ನೊಂದು ಪೀಠ ಇದಕ್ಕೆ ಉಲ್ಟಾ ತೀರ್ಪು ಕೊಟ್ಟಿತು.

ನಮ್ಮ ದೇಶದ ಪರಿಸ್ಥಿತಿಯೂ ಇದಕ್ಕಿಂತ ತೀರಾ ಬೇರೆಯಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾನೂನು ಮಾಡಬೇಕಾದದ್ದು ಸಂಸತ್ತು ಎಂದಿತು. ಆಮೇಲೆ ಸಂಪುಟ ಕಾರ್ಯದರ್ಶಿಯವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. 2024ರಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳಿಂದ ಕೆಲವು ಸೂಚನೆಗಳು ಬಂದವು: ಇಂಥ ಜೋಡಿಯನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಹತ್ತಿರದ ಬಂಧುಗಳಿಲ್ಲದಾಗ ಸಂಗಾತಿಯ ಮೃತದೇಹವನ್ನು ಕೇಳಿ ಪಡೆಯಬಹುದು.

ಕೊನೆಯ ಸೂಚನೆಯನ್ನು ಇನ್ನೊಮ್ಮೆ ಓದಿ. ಇಪ್ಪತ್ತು ವರ್ಷ ಜೊತೆಗೆ ಬಾಳಿದವರ ಮಯ್ಯತ್ ಪಡೆಯಲೂ ಸುತ್ತೋಲೆ ಬೇಕಾಯಿತು. ಸುತ್ತೋಲೆ ಬಂದದ್ದು ಒಳ್ಳೆಯದೇ. ಆದರೆ ಇಂದು ಬಂದ ಸುತ್ತೋಲೆಯನ್ನು ನಾಳೆ ವಾಪಸ್ ಪಡೆಯಬಹುದು. ಕಾನೂನನ್ನು ಅಷ್ಟು ಸುಲಭವಾಗಿ ತೆಗೆದುಹಾಕಲಾಗದು. ಅದಕ್ಕೇ ಸಂಸತ್ತು ಈ ಜೋಡಿಗಳಿಗಾಗಿ ಒಂದು ನಾಗರಿಕ ಕಾನೂನು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

'ನಮ್ಮ ದೀನ್ ಇದನ್ನು ಒಪ್ಪುವುದಿಲ್ಲವಲ್ಲ' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಪ್ರೀಂ ಕೋರ್ಟಿನಲ್ಲಿ ಜಮೀಯತ್ ಉಲಮಾ-ಎ-ಹಿಂದ್ ಕೂಡ ಈ ಬೇಡಿಕೆಯನ್ನು ವಿರೋಧಿಸಿತ್ತು. ನಿಕಾಹ್ ಎಂದರೆ ಗಂಡು ಹೆಣ್ಣಿನ ನಡುವಿನ ಒಪ್ಪಂದ. ಅದಕ್ಕೆ ಮೆಹರ್ ಇದೆ, ಸಾಕ್ಷಿಗಳಿದ್ದಾರೆ. ನಾನು ಅದನ್ನೇ ನಂಬುವವಳು. ಅದರ ನಿಯಮ ಬದಲಿಸಿ ಎಂದು ಯಾವ ಕೋರ್ಟೂ ಹೇಳಬಾರದು. ಆದರೆ ಸುಪ್ರೀಂ ಕೋರ್ಟು ವಿಚಾರಣೆ ನಡೆಸುವಾಗ ಧರ್ಮಗಳ ವೈಯಕ್ತಿಕ ಕಾನೂನುಗಳನ್ನು ಮುಟ್ಟುವುದಿಲ್ಲ ಎಂದೇ ಹೇಳಿತ್ತು. ಅಲ್ಲಿ ಚರ್ಚೆಯಾದದ್ದು 1954ರ ವಿಶೇಷ ವಿವಾಹ ಕಾಯ್ದೆ. ಅದು ಸರ್ಕಾರದ ರಿಜಿಸ್ಟರಿಗೆ ಸಂಬಂಧಿಸಿದ್ದು, ಮಸೀದಿಯ ರಿಜಿಸ್ಟರಿಗಲ್ಲ. ಆ ಕಾಯ್ದೆಯಡಿ ಇವತ್ತೂ ಬೇರೆ ಬೇರೆ ಧರ್ಮದವರು ಮದುವೆಯಾಗುತ್ತಾರೆ. ಅದರಿಂದ ನಮ್ಮ ನಿಕಾಹ್‌ನ ಒಂದು ಷರತ್ತೂ ಬದಲಾಗಿಲ್ಲ. ಯಾವುದು ಸರಿ ಎಂದು ನಾವು ನಂಬುತ್ತೇವೆ ಎಂಬುದು ಒಂದು ಪ್ರಶ್ನೆ. ನಾವು ಒಪ್ಪದವರಿಗೆ ಸರ್ಕಾರ ಪಿಂಚಣಿ, ಆಸ್ತಿ, ಅಂತ್ಯಸಂಸ್ಕಾರದ ಹಕ್ಕನ್ನು ಕೊಡಬೇಕೇ ಬೇಡವೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸಬಾರದು.

ಇನ್ನು ಗೆಳತಿಯ ಪ್ರಶ್ನೆಗೆ ಉತ್ತರ. ನಮ್ಮಂಥ ಅಲ್ಪಸಂಖ್ಯಾತರು ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಅದಕ್ಕೆ ಬಹುಸಂಖ್ಯಾತರ ಮೆಚ್ಚುಗೆ ಬೇಕಿಲ್ಲ. ಹೆಚ್ಚಿನ ಜನಕ್ಕೆ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಕೆಲವರ ಹಕ್ಕು ತಡೆಹಿಡಿಯಬಹುದು ಎಂದು ನಾವು ಇವತ್ತು ಒಪ್ಪಿದರೆ, ನಾಳೆ ಅದೇ ಮಾತನ್ನು ನಮಗೇ ಹೇಳುವವರಿಗೆ ಏನು ಉತ್ತರ ಕೊಡೋಣ? ನನಗೆ ಯಾಕೆ ಬೇಕಿತ್ತು ಎಂದರೆ, ಇದಕ್ಕೇ.

ಕಾನೂನು ಬರುವುದು ದೆಹಲಿಯಿಂದ. ಅದಕ್ಕೆ ಮುಂಚೆ ನಮ್ಮ ಕೈಯಲ್ಲೂ ಒಂದು ಕೆಲಸ ಇದೆ. ನಡಿಗೆ, ಮಾತಿನ ಧಾಟಿ ಬೇರೆ ಇರುವ ಹುಡುಗನಿಗೆ ಕ್ಯಾಂಟೀನಿನಲ್ಲಿ ಅಡ್ಡಹೆಸರಿಟ್ಟು ಕರೆಯುವುದನ್ನು ನಿಲ್ಲಿಸಬಹುದು. ಅಡ್ಡಹೆಸರಿನಿಂದ ಕರೆಯಬೇಡಿ ಎಂದು ಸೂರಃ ಅಲ್-ಹುಜುರಾತ್ ನಮಗೆ ಹೇಳಿದೆ. ಅದರ ಬಗ್ಗೆಯಂತೂ ನಮ್ಮಲ್ಲಿ ಭಿನ್ನಾಭಿಪ್ರಾಯ ಇಲ್ಲವಲ್ಲ?

ಉಳಿದದ್ದಕ್ಕೆ ಒಪ್ಪದವರು ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ. ಅಧ್ಯಾಪಕರೂ ಬರೆಯಲಿ ಎಂಬುದು ನನ್ನ ಕೋರಿಕೆ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ