ಎಣ್ಣೆ ಹಚ್ಚಿ ನೀರು ಗೊತ್ತು, ನೀರು ಹಾಕ್ಕಂಡು ಎಣ್ಣೆ?

ಕಾರ್ತಿಕ ಹುಟ್ತಿದ್ದಂಗೆ ನಮ್ಮ ಸೀಮೆಯಾಗೆ ಎಲ್ಲರ ಕೈಕಾಲೂ ಬೂದಿ ಬಳ್ಕಂಡಂಗೆ ಆಗ್ತಾವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಯಾವ ಕಡೆ ಆದ್ರೂ ಅಷ್ಟೇ. ಉಗುರಾಗೆ ಒಂದು ಗೀರು ಎಳೆದ್ರೆ ಬಿಳೀ ಗೆರೆ ಬೀಳ್ತೈತೆ. ಆಗ ಟಿವಿಯಾಗೆ ತೋರಿಸಿದ ಬಾಟ್ಲಿ ತರ್ತೀವಿ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಇರಲ್ಲ. ಈ ಕಂಪನೀದು ಸರಿ ಇಲ್ಲ ಅಂತ ಇನ್ನೊಂದು ತರ್ತೀವಿ. ನನ್ನ ಪ್ರಕಾರ ಬಾಟ್ಲಿ ಬದಲಾಯಿಸೋ ಮೊದ್ಲು ಹಚ್ಚೋ ಹೊತ್ತು ಬದಲಾಯಿಸ್ಬೇಕು. ಎಣ್ಣೆ ಹಚ್ಚಿ ನೀರು ಹಾಕ್ಕಳದು ನಮ್ಮ ಹಳೇ ಪದ್ಧತಿ. ನೀರು ಹಾಕ್ಕಂಡ ಮೇಲೆ ಎಣ್ಣೆ ಹಚ್ಚೋದೂ ಕಲೀಬೇಕು.

ಯಾಕೆ ಅಂತೀರಾ? ಬಿಸಿ ಮುದ್ದೇನ ತಟ್ಟೆಯಾಗೆ ಅಂಗೇ ಬಿಟ್ರೆ ಮೇಲೆ ತೊಗಟೆ ಕಟ್ಟಿ ಬಿರಿತೈತೆ. ಒದ್ದೆ ಬಟ್ಟೆ ಹಾಕಿ ಮುಚ್ಚಿಟ್ರೆ ಮೆತ್ತಗೆ ಇರ್ತೈತೆ. ಚರ್ಮಾನೂ ಅಂಗೇ. ಅದರ ಮೇಲಿನ ಪದರ ಇಟ್ಟಿಗೆ ಗೋಡೆ ಇದ್ದಂಗೆ. ಸತ್ತ ಜೀವಕೋಶಗಳೇ ಇಟ್ಟಿಗೆ, ನಡುವೆ ಇರೋ ಕೊಬ್ಬೇ ಗಾರೆ. ಸೆರಮೈಡ್, ಕೊಲೆಸ್ಟ್ರಾಲ್, ಫ್ಯಾಟಿ ಆಸಿಡ್ ಅಂತ ಡಾಕ್ಟ್ರು ಹೇಳೋದು ಈ ಗಾರೇನೇ. ಒಳಗಿನ ನೀರು ಆರಿಹೋಗದಂಗೆ ತಡೆಯೋದು ಅದು. ಸುಡೋ ನೀರು, ಸೋಪು, ಸೀಗೆಪುಡಿ ಎಲ್ಲಾ ಆ ಗಾರೇನ ವಸಿ ವಸಿ ಕಿತ್ಕಂಡು ಹೋಗ್ತಾವೆ. ಅದಕ್ಕೆ ಸರಿಯಾಗಿ ನಮ್ಮ ಬೋರ್‌ವೆಲ್ ನೀರು ಗಡಸು. ಬಕೀಟಿನ ಅಂಚಿಗೆ ಬಿಳೀ ಜಿಡ್ಡು ಕಟ್ತೈತಲ್ಲ, ಅದೇ ಸೋಪಿನ ಜಿಡ್ಡು ಮೈ ಮೇಲೂ ಕೂರ್ತೈತೆ. ನೊರೆ ಬರ್ಲಿಲ್ಲ ಅಂತ ನಾವು ಇನ್ನೊಂದು ಸಲ ಉಜ್ತೀವಿ.

ಮಾಯಿಶ್ಚರೈಸರ್ ಅಂದ್ರೆ ಚರ್ಮಕ್ಕೆ ನೀರು ಕುಡಿಸೋದು ಅಂತ ತಿಳ್ಕಂಡಿರೋರೇ ಜಾಸ್ತಿ. ಬಾಟ್ಲಿಯಾಗಿರೋ ನೀರು ಹಚ್ಚಿದ ಸ್ವಲ್ಪ ಹೊತ್ತಿಗೇ ಆರಿಹೋಗ್ತೈತೆ. ಉಳಿದ ಸಾಮಾನು ಮೂರು ಕೆಲಸ ಮಾಡ್ತಾವೆ.

ಒಂದು, ನೀರು ಹಿಡಿದಿಡೋದು. ಗ್ಲಿಸರಿನ್, ಯೂರಿಯಾ, ಹಯಲುರಾನಿಕ್ ಆಸಿಡ್ ಈ ಜಾತಿ. ಲೋಳೆಸರಾನೂ ಇಲ್ಲೇ ಸೇರ್ತೈತೆ.

ಎರಡು, ಇಟ್ಟಿಗೆ ಸಂದು ತುಂಬಿ ನುಣುಪು ಮಾಡೋದು. ಕೊಬ್ರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಶಿಯಾ ಬಟರ್, ಸ್ಟಿಯರಿಕ್ ಆಸಿಡ್, ಸೆರಮೈಡ್ ಇವೆಲ್ಲಾ ಇದರಾಗೆ ಬರ್ತಾವೆ.

ಮೂರು, ಮೇಲೆ ಮುಚ್ಚಳ ಹಾಕೋದು. ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್, ಜೇನುಮೇಣ. ಇದರಾಗೆ ಪೆಟ್ರೋಲಿಯಂ ಜೆಲ್ಲಿ ಎಲ್ಲಕ್ಕಿಂತ ಗಟ್ಟಿ ಮುಚ್ಚಳ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ 1872ರಾಗೆ ಪೇಟೆಂಟ್ ತಗಂಡಿದ್ದು, ವ್ಯಾಸಲೀನ್ ಅಂತ ಮನೆಮನೆಗೂ ಬಂದಿದ್ದು ಅದೇ. ನಮ್ಮಜ್ಜೀರು ಹಿಮ್ಮಡಿ ಸೀಳಿಗೆ ಮೇಣದಬತ್ತಿ ಕರಗಿಸಿ ಎಣ್ಣೆ ಬೆರೆಸಿ ತುಂಬ್ತಿದ್ರಲ್ಲ, ಅವರಿಗೂ ಈ ಮುಚ್ಚಳದ ಗುಟ್ಟು ಗೊತ್ತಿತ್ತು.

ಈಗ ನಮ್ಮೂರಿನ ಮಾತಿಗೆ ಬರಾನ. ಸಮುದ್ರದ ಪಕ್ಕದ ಮಂಗಳೂರಿನೋರಿಗೆ ಗಾಳಿಯಾಗೇ ತೇವ ಐತೆ. ಅಲ್ಲಿ ಬರೀ ಗ್ಲಿಸರಿನ್ ಲೋಷನ್ ಹಚ್ಚಿದ್ರೂ ನಡೀತೈತೆ. ಪಾವಗಡದ ಒಣ ಗಾಳಿಗೆ ಅದು ಸಾಲಲ್ಲ. ಗಾಳಿಯಾಗೆ ತೇವ ಸಿಗ್ದಿದ್ರೆ ಗ್ಲಿಸರಿನ್ನು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೀತೈತೆ, ಅದು ಆರಿಹೋಗ್ತೈತೆ. ಗ್ಲಿಸರಿನ್ ಹಚ್ಚಿದ್ರೆ ಇನ್ನೂ ಉರಿ ಕಣಕ್ಕ ಅನ್ನೋರು ಸುಳ್ಳು ಹೇಳ್ತಿಲ್ಲ. ಬಾಟ್ಲಿಯಿಂದ ಅಂಗೇ ಗಟ್ಟಿಯಾಗಿ ಹಚ್ಚಿ, ಮೇಲೆ ಮುಚ್ಚಳ ಹಾಕ್ದೆ ಬಿಟ್ರೆ ಅಂಗಾಗ್ತೈತೆ. ನಮ್ಮ ನಾಲ್ಕು ತಾಲ್ಲೂಕಿಗೂ ಮುಚ್ಚಳ ಇಲ್ದಿರೋ ಲೋಷನ್ ದಂಡ ಅನ್ನೋದು ನನ್ನ ಅಭಿಪ್ರಾಯ.

ಅದಕ್ಕೇ ಹೊತ್ತು ಮುಖ್ಯ. ದೀಪಾವಳಿ ಎಣ್ಣೆ ನೀರಿನ ದಿನ ಮೈತುಂಬ ಎಣ್ಣೆ ಹಚ್ಕಂಡು ಆಮೇಲೆ ಸೀಗೆಪುಡಿ ಹಾಕಿ ಅಷ್ಟನ್ನೂ ತೊಳ್ದುಬಿಡ್ತೀವಿ. ಅದು ಹಬ್ಬಕ್ಕೆ ಇರ್ಲಿ, ಬ್ಯಾಡ ಅನ್ನಲ್ಲ. ದಿನಾ ಮಾತ್ರ ಇಂಗೆ ಮಾಡಿ. ಉಗುರುಬೆಚ್ಚಗಿನ ನೀರು ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಹಾಕಿ, ಕೊಳೆಯಾಗದ ಕಡೆ ದಿನಾ ಉಜ್ಜೋದು ಬ್ಯಾಡ. ಟವಲ್ಲಾಗೆ ಒತ್ತಿ ಒರ್ಸ್ಕಳಿ, ಮೈ ಇನ್ನೂ ವಸಿ ಒದ್ದೆ ಇರ್ಬೇಕು. ಎರಡು ಮೂರು ನಿಮಿಷದಾಗೆ ಹಚ್ಚಿಬಿಡಿ. ಅಂಗೈಯಾಗೆ ನಾಲ್ಕು ಹನಿ ಗ್ಲಿಸರಿನ್ನಿಗೆ ಒಂದು ಚಮಚ ನೀರು ಬೆರೆಸಿ ಕೈಕಾಲಿಗೆ ಸವರಿ, ಅದರ ಮೇಲೆ ಕೊಬ್ರಿ ಎಣ್ಣೆನೋ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿನೋ ಹಚ್ಚಿ. ಎರಡೂ ಕಿರಾಣಿ ಅಂಗಡಿಯಾಗೋ ಮೆಡಿಕಲ್ ಸ್ಟೋರಿನಾಗೋ ಸಿಗ್ತಾವೆ. ದೊಡ್ಡ ಬಾಟ್ಲಿ ಮಾಡೋ ಕೆಲಸಾನೇ ಮಾಡ್ತಾವೆ.

ಲೋಷನ್ನೇ ಬೇಕು ಅನ್ನೋರು ಬಾಟ್ಲಿ ಹಿಂದುಗಡೆ ತಿರುಗಿಸಿ ನೋಡಿ. ಒಂದು ಪರ್ಸೆಂಟಿಗಿಂತ ಜಾಸ್ತಿ ಇರೋ ಸಾಮಾನನ್ನ ಜಾಸ್ತಿಯಿಂದ ಕಮ್ಮಿಗೆ ಅದೇ ಕ್ರಮದಾಗೆ ಬರೀಬೇಕು ಅಂತ ನಮ್ಮ ದೇಶದಾಗೆ ನಿಯಮ ಐತೆ. ಮೊದಲ ಹೆಸರು ನೀರೇ ಇರ್ತೈತೆ, ಕೆಲವರು ಆಕ್ವಾ ಅಂತ ಬರೀತಾರೆ. ಆಮೇಲಿನ ನಾಲ್ಕೈದು ಹೆಸರಿನಾಗೆ ಗ್ಲಿಸರಿನ್ ಇರ್ಬೇಕು. ಜತೆಗೆ ಪೆಟ್ರೋಲೇಟಮ್, ಮಿನರಲ್ ಆಯಿಲ್, ಡೈಮೆಥಿಕೋನ್ ಇದರಾಗೆ ಒಂದಾದ್ರೂ ಇರ್ಬೇಕು. ಸೀಟೈಲ್ ಆಲ್ಕೋಹಾಲ್ ಅಂತ ಕಂಡ್ರೆ ಗಾಬರಿ ಬ್ಯಾಡ, ಅದು ಒಣಗಿಸೋ ಸ್ಪಿರಿಟ್ ಅಲ್ಲ, ಮೇಣದಂಥದ್ದು. ಮುಂದುಗಡೆ ದೊಡ್ಡದಾಗಿ ಬಾದಾಮಿ, ಕೇಸರಿ ಚಿತ್ರ ಇದ್ದು, ಹಿಂದೆ ಆ ಹೆಸರು ಸುವಾಸನೆಗಿಂತ ಕೆಳಗೆ ಇದ್ರೆ, ಬಾದಾಮಿ ಚಿತ್ರಕ್ಕೆ ದುಡ್ಡು ಕೊಟ್ಟಂಗೆ. ಕೆರೆತ ಇರೋರಿಗೆ, ಮಕ್ಳಿಗೆ ಸುವಾಸನೆ ಇಲ್ದಿರೋದೇ ಒಳ್ಳೇದು.

ಗಿಡಮೂಲಿಕೆ ಅಂದ್ರೆ ಎಲ್ಲಾ ಒಳ್ಳೇದು ಅನ್ನೋದನ್ನೂ ನಾನು ಒಪ್ಪಲ್ಲ. ಸಿದ್ದರಬೆಟ್ಟದ ಬೇರು ನಾರಿನ ಮೇಲೆ ನನಗೂ ಗೌರವ ಐತೆ. ಆದ್ರೆ ಒಡೆದ ಚರ್ಮಕ್ಕೆ ನಿಂಬೆರಸ, ಅಡುಗೆ ಸೋಡ ಹಾಕಿದ್ರೆ ಉರಿ ಬಿಟ್ಟು ಬೇರೇನೂ ಸಿಗಲ್ಲ. ಬೆಳ್ಳಗೆ ಮಾಡ್ತೀವಿ ಅನ್ನೋ ಟ್ಯೂಬುಗಳಂತೂ ಇನ್ನೂ ಅಪಾಯ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತ ಬರೆದಿದ್ರೆ ಅದು ಸ್ಟೀರಾಯ್ಡು. ಡಾಕ್ಟ್ರು ಹೇಳ್ದೆ ದಿನಾ ಬಳಿದ್ರೆ ಚರ್ಮಾನೇ ತೆಳ್ಳಗಾಗ್ತೈತೆ.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಹಿಮ್ಮಡಿ ವಿಚಾರಕ್ಕೆ. ಮಗಳ ಮುಖಕ್ಕೆ ಮೂರು ಥರ ಕ್ರೀಮು ಇರೋ ಮನೆಯಾಗೆ, ಬರಿಗಾಲಾಗೆ ಕಡ್ಲೆಕಾಯಿ ಹೊಲಕ್ಕೆ ಹೋಗಿ ಬರೋ ಅಮ್ಮನ ಹಿಮ್ಮಡಿ ರಕ್ತ ಬರೋವಷ್ಟು ಸೀಳಿರ್ತೈತೆ. ವಯಸ್ಸಾಯ್ತು, ಅದು ಅಂಗೇ ಅಂತಾರೆ. ಅವರಿಗೆ ಸಕ್ಕರೆ ಕಾಯಿಲೆನೂ ಇದ್ರೆ ಅಂಗೇ ಅಂತ ಬಿಡೋ ಮಾತಲ್ಲ. ಸಕ್ಕರೆ ಕಾಯಿಲೆಯಾಗೆ ಕಾಲಿನ ನರ ಸೋತು ಬೆವರು ಕಮ್ಮಿಯಾಗ್ತೈತೆ, ಚರ್ಮ ಇನ್ನೂ ಒಣಗ್ತೈತೆ, ನೋವೂ ಗೊತ್ತಾಗಲ್ಲ. ಆ ಸೀಳಿನಾಗೆ ಕೀವು ಆದ್ರೆ ಬೆರಳು, ಪಾದ ತೆಗೆಯೋ ಮಟ್ಟಕ್ಕೆ ಹೋಗ್ಬಹುದು.

ಅವರಿಗೆ ಮೆಡಿಕಲ್ ಸ್ಟೋರಿನಾಗೆ ಯೂರಿಯಾ ಕ್ರೀಮು ಕೇಳಿ. ಗೊಬ್ಬರದ ಅಂಗಡಿ ಯೂರಿಯಾ ತಂದು ಕಲಸೀರಾ ಮತ್ತೆ! ಒಣ ಮೈಗೆ ಹತ್ತು ಪರ್ಸೆಂಟಿಂದು ಸಾಕು, ದಪ್ಪ ಹಿಮ್ಮಡಿಗೆ ಇಪ್ಪತ್ತರ ಮೇಲಿಂದು. ಬಾಯಿಬಿಟ್ಟ ಸೀಳಿಗೆ ಮಾತ್ರ ಅದು ಉರೀತೈತೆ, ಅಲ್ಲಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ಹಾಕಿ. ರಾತ್ರಿ ಕಾಲು ತೊಳೆದು ಹಚ್ಚಿ, ಹತ್ತಿ ಸಾಕ್ಸು ಹಾಕಿ ಮಲಗ್ಸಿ. ಬೆರಳ ಸಂದಿಗೆ ಹಚ್ಚಬ್ಯಾಡಿ, ಅಲ್ಲಿ ತೇವ ನಿಂತ್ರೆ ಹುಣ್ಣಾಗ್ತೈತೆ. ಬ್ಲೇಡಿನಾಗೆ ಕೆರೆಯೋದಂತೂ ಬ್ಯಾಡವೇ ಬ್ಯಾಡ. ಕೆಂಪಾಗಿ ಊದಿದ್ರೆ, ಕೀವು ಕಂಡ್ರೆ ಅವತ್ತೇ ಆಸ್ಪತ್ರೆಗೆ ಕರ್ಕಂಡು ಹೋಗಿ.

ಇವತ್ತು ರಾತ್ರಿ ಒಂದು ಸಲ ಅಮ್ಮನ ಪಾದಾನೋ ಅತ್ತೆ ಪಾದಾನೋ ಬೆಳಕಿಗೆ ಹಿಡಿದು ನೋಡಿ. ಅವರಾಗೇ ತೋರ್ಸಲ್ಲ, ನಾವೇ ಕೇಳ್ಬೇಕು.