ಬೆಳಕು ದಾರಿ ಆರಿಸುವುದಿಲ್ಲ

ಎರಡು ಬಿಂದುಗಳ ನಡುವೆ ಅತಿ ಕಡಿಮೆ ಸಮಯ ಹಿಡಿಯುವ ಹಾದಿಯನ್ನೇ ಬೆಳಕು ಆರಿಸಿಕೊಳ್ಳುತ್ತದೆ ಎಂದು ಭೌತಶಾಸ್ತ್ರದ ತರಗತಿಗಳಲ್ಲಿ ಹೇಳುವುದುಂಟು. 1662ರಲ್ಲಿ ಫರ್ಮಾ ಈ ತತ್ತ್ವದಿಂದಲೇ ವಕ್ರೀಭವನದ ನಿಯಮವನ್ನು ಪಡೆದ. ಅಷ್ಟು ಸೊಗಸಾದ ಲೆಕ್ಕವನ್ನು ಕಲಿಸುವ ಮೇಷ್ಟರ ಮೇಲೆ ನನಗೆ ತಕರಾರಿಲ್ಲ. ಆದರೂ ಹಾದಿ ಯಾವಾಗಲೂ ಕನಿಷ್ಠದ್ದು ಎಂಬುದನ್ನಾಗಲಿ, ಬೆಳಕು ಅದನ್ನು ಆರಿಸುತ್ತದೆ ಎಂಬುದನ್ನಾಗಲಿ ಒಪ್ಪುವುದು ಕಷ್ಟ.

ಕನಿಷ್ಠದ ಮಾತು ಬೇಗ ಬಿದ್ದುಹೋಗುತ್ತದೆ. ವೃತ್ತಾಕಾರದ ಕನ್ನಡಿಯೊಳಗೆ, ಒಂದು ವ್ಯಾಸದ ಮೇಲೆ, ಕೇಂದ್ರದಿಂದ ಸಮದೂರದಲ್ಲಿ ಎರಡು ಬಿಂದುಗಳನ್ನು ಗುರುತಿಸಿ. ಕೇಂದ್ರದ ನೇರ ಮೇಲಿನ ಜಾಗದಲ್ಲಿ ಪ್ರತಿಫಲಿಸಿ ಒಂದರಿಂದ ಇನ್ನೊಂದಕ್ಕೆ ಬರುವ ಕಿರಣದ ಹಾದಿ ಅಕ್ಕಪಕ್ಕದ ಹಾದಿಗಳಿಗಿಂತ ಉದ್ದ! ಎಲ್ಲೆಡೆ ನಿಲ್ಲುವ ಸತ್ಯ ಬೇರೆ: ನಿಜವಾದ ಹಾದಿಯನ್ನು ತುಸು ಅತ್ತಿತ್ತ ಸರಿಸಿದರೆ ಸಮಯ ಬದಲಾಗುವುದಿಲ್ಲವೆನ್ನುವಷ್ಟು ಅಲ್ಪವಾಗಿ ಬದಲಾಗುತ್ತದೆ.

ಆಯ್ಕೆಯ ಪ್ರಶ್ನೆ ಇನ್ನೂ ಆಳವಾದದ್ದು. ಎಲ್ಲಿಗೆ ತಲುಪಬೇಕೆಂದು ಹೊರಡುವ ಮೊದಲೇ ಬೆಳಕಿಗೆ ಹೇಗೆ ಗೊತ್ತು? ದೆಕಾರ್ತನ ಅನುಯಾಯಿ ಕ್ಲೆರ್ಸೆಲಿಯೇ ಅದೇ ವರ್ಷ ಫರ್ಮಾನಿಗೆ ಬರೆದ ಆಕ್ಷೇಪಣೆಯ ತಿರುಳೂ ಇದೇ: ಪ್ರಕೃತಿಗೆ ಮುಂದಾಲೋಚನೆಯಿಲ್ಲ. ನೀರಿನಲ್ಲಿ ಬೆಳಕು ನಿಧಾನವಾಗುತ್ತದೆ ಎಂಬ ವಿಷಯದಲ್ಲಿ ಗೆದ್ದವನು ಫರ್ಮಾ. ಈ ಆಕ್ಷೇಪಣೆಯಲ್ಲಿ ಮಾತ್ರ ನ್ಯಾಯ ಸೋತವನ ಕಡೆಗಿದೆ.

ಬೆಳಕು ಅಲೆಯಾಗಿ ಎಲ್ಲ ಹಾದಿಗಳಲ್ಲೂ ಹರಡುತ್ತದೆ. ಸಮಯ ಹೆಚ್ಚು ಬದಲಾಗದ ಕಡೆ ನೆರೆಹೊರೆಯ ಅಲೆಗಳು ಉಬ್ಬಿಗೆ ಉಬ್ಬು ಕೂಡಿ ಬಲಗೊಳ್ಳುತ್ತವೆ; ಉಳಿದೆಡೆ ಉಬ್ಬು ತಗ್ಗುಗಳು ಪರಸ್ಪರ ಅಳಿಸಿಹಾಕುತ್ತವೆ. ನಾವು ಕಿರಣವೆನ್ನುವುದು ಈ ಕೂಡಿಕೆಯ ಫಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಿ.ಡಿ.ಯಲ್ಲಿ ಬಲ್ಬಿನ ಪ್ರತಿಬಿಂಬ ಒಂದು ಜಾಗದಲ್ಲಿ ಕಾಣುತ್ತದೆ, ಬಣ್ಣಗಳು ಮಾತ್ರ ಬೇರೆ ಜಾಗಗಳಿಂದಲೂ ಕಣ್ಣಿಗೆ ಬರುತ್ತವೆ. 1.6 ಮೈಕ್ರೋಮೀಟರ್ ಅಂತರದ ಅದರ ಸಾಲುಗಳು ಪರಸ್ಪರ ಅಳಿಸಿಹಾಕುವ ಆ ಲೆಕ್ಕವನ್ನು ಕೆಡಿಸುತ್ತವೆ. ಬೆಳಕು ಒಂದೇ ಹಾದಿ ಹಿಡಿದಿದ್ದರೆ ಆ ಜಾಗಗಳಿಂದ ಏನೂ ಬರಬಾರದಿತ್ತು.

ಡಿರಾಕ್ 1933ರಲ್ಲಿ ಕೊಟ್ಟ ಸುಳಿವನ್ನು ಹಿಡಿದು ಫೈನ್‌ಮನ್ 1948ರಲ್ಲಿ ಇದೇ ಲೆಕ್ಕವನ್ನು ಕಣಗಳಿಗೂ ವಿಸ್ತರಿಸಿದ. ಅಲ್ಲಿ ಸಮಯದ ಜಾಗದಲ್ಲಿ 'ಕ್ರಿಯೆ' ಎಂಬ ಪರಿಮಾಣವಿದೆ, ಅದರ ಅಳತೆಗೋಲು ಪ್ಲಾಂಕ್ ಸ್ಥಿರಾಂಕ. ಎಸೆದ ಕ್ರಿಕೆಟ್ ಚೆಂಡಿನ ಕ್ರಿಯೆ ಆ ಸ್ಥಿರಾಂಕದ ಎಷ್ಟು ಪಟ್ಟೆಂದರೆ, ಒಂದರ ಮುಂದೆ 30ಕ್ಕೂ ಹೆಚ್ಚು ಸೊನ್ನೆ ಬರೆಯಬೇಕು. ಹಾಗಾಗಿ ಕೂದಲೆಳೆಯಷ್ಟು ಸರಿದ ಹಾದಿಯೂ ಅಳಿಸಿಹೋಗಿ, ಒಂದೇ ಗೆರೆ ಉಳಿಯುತ್ತದೆ. ಪರಮಾಣುವಿನೊಳಗಿನ ಎಲೆಕ್ಟ್ರಾನಿಗೆ ಅದು ಕೆಲವೇ ಪಟ್ಟು. ಅಲ್ಲಿ ಹಾದಿಗಳು ಅಳಿಸಿಹೋಗುವುದಿಲ್ಲ. ಎಲೆಕ್ಟ್ರಾನಿನ ಹಾದಿ ಇದೇ ಎಂದು ಗೆರೆ ಎಳೆಯಲಾಗುವುದಿಲ್ಲ.